ಗ್ಯಾಸು ಅಂತ ಸುಮ್ಮನಿರಬೇಡಿ

ಎದೆ ಹಿಡಿದಂತಾದರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಗ್ಯಾಸಿರಬೇಕು’. ಹಿಂದೆಯೇ ಸೋಡಾ, ಜೀರಿಗೆ ಕಷಾಯ. ಗ್ಯಾಸೇ ಇರಬಹುದು, ಇಲ್ಲವೆನ್ನಲಾರೆ. ಆದರೆ ಎದೆಯ ಮೇಲೆ ಯಾರೋ ಕೂತಂಥ ಭಾರ, ಎಡಗೈಗೋ ದವಡೆಗೋ ಬೆನ್ನಿಗೋ ಹರಿಯುವ ನೋವು, ತಣ್ಣನೆಯ ಬೆವರು, ಉಸಿರಾಡಲು ಕಷ್ಟ ಕಂಡರೆ ಕಷಾಯ ಕುದಿಯುವ ತನಕವೂ ಕಾಯಬೇಡಿ. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆಯಾಗಿಯೂ ಹೃದಯಾಘಾತ ಬರುವುದುಂಟು. ‘ಅಡುಗೆ ಮುಗಿಸಿ ಹೋದರಾಯ್ತು’ ಎನ್ನುವ ಅಮ್ಮಂದಿರೇ, ಕೇಳಿಸಿತೇ? ರೋಗಿಯನ್ನು ಬೈಕಿನ ಹಿಂದೆ ಕೂರಿಸುವ ಸಾಹಸವೂ ಬೇಡ, 108ಕ್ಕೆ ಕರೆ ಮಾಡಿ. ಇಸಿಜಿಗೆಂದು ಬೆಂಗಳೂರಿಗೇ ಓಡಬೇಕಿಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿಯೂ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದೂ ಉಚಿತವಾಗಿ ಸಿಗುತ್ತವೆ.