ಸೈಕಲ್ಲಿಗೆ ವಿದ್ಯುತ್ತಿನ ಬಲ

ಧಾರವಾಡ ಜಿಲ್ಲೆಯ ನವಲಗುಂದ ತಾಲ್ಲೂಕಿನಲ್ಲಿ ಬೆಣ್ಣಿಹಳ್ಳದ ಬದಿಗೆ ಯಮನೂರು ಎಂಬ ಗ್ರಾಮವಿದೆ. ಹಿಂದೂಗಳು ಚಾಂಗದೇವರೆಂದೂ ಮುಸಲ್ಮಾನರು ರಾಜಾಬಾಗಸವಾರರೆಂದೂ ಭಕ್ತಿಯಿಂದ ನಡೆದುಕೊಳ್ಳುವ ಒಂದೇ ಸನ್ನಿಧಿಯಿಂದ ಈ ಊರು ಹೆಸರಾಗಿದೆ. ಬಾಗಸವಾರನೆಂದರೆ ಹುಲಿಯನ್ನೇರಿದವನು. ಊರಿನ ಸುತ್ತಲೂ ಕಣ್ಣು ಹರಿಯುವವರೆಗೆ ಎರೆಯ ಹೊಲಗಳು. ಮುಂಗಾರಿನಲ್ಲಿ ಹೆಸರು, ಹತ್ತಿ, ಉಳ್ಳಾಗಡ್ಡಿ. ಹಿಂಗಾರಿನಲ್ಲಿ ಜೋಳ, ಕಡಲೆ, ಗೋಧಿ, ಕುಸುಬಿ. ಗುಡ್ಡಗಳಿಲ್ಲದ ಈ ಬಯಲುಸೀಮೆ ಸೈಕಲ್ಲಿನ ಸವಾರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಬಯಲಿಗೆ ತನ್ನದೇ ಆದ ಕಷ್ಟವೂ ಉಂಟು. ಆಷಾಢ ಮಾಸದಲ್ಲಿ ಪಡುವಣದಿಂದ ಬೀಸುವ ಗಾಳಿಗೆ ಇಲ್ಲಿ ಅಡ್ಡವೆಂಬುದೇ ಇಲ್ಲ. ಎದುರುಗಾಳಿಯಲ್ಲಿ ಪೆಡಲ್ಲು ತುಳಿದು ಶಾಲೆ ಸೇರುವ ಹುಡುಗನಿಗೆ ಮೊದಲನೆಯ ಪಾಠದ ಹೊತ್ತಿಗೇ ದಣಿವು. ಹೊಲದಿಂದ ಮೇವಿನ ಹೊರೆ ತರುವ ರೈತನಿಗೆ ಮೊಣಕಾಲು ನೋವು.

ಕರ್ನಾಟಕ ಸರ್ಕಾರವು 2006-07ರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ಲುಗಳನ್ನು ಉಚಿತವಾಗಿ ಹಂಚುವ ಯೋಜನೆಯನ್ನು ಆರಂಭಿಸಿ ಹಲವು ವರ್ಷ ನಡೆಸಿತು. ಅದರಿಂದಾಗಿ ಹಳ್ಳಿಯ ಅನೇಕ ಮನೆಗಳಲ್ಲಿ ಗಟ್ಟಿಮುಟ್ಟಾದ ಉಕ್ಕಿನ ಸೈಕಲ್ಲುಗಳು ಬಂದು ನಿಂತವು. ಇಂತಹ ಸಾಧಾರಣ ಸೈಕಲ್ಲಿಗೆ ಮೋಟಾರು, ಬ್ಯಾಟರಿ, ನಿಯಂತ್ರಕ ಮತ್ತು ಇತರ ಬಿಡಿಭಾಗಗಳನ್ನು ಜೋಡಿಸಿ ವಿದ್ಯುತ್ತಿನಿಂದ ಓಡುವಂತೆ ಮಾಡುವ ಸಾಮಗ್ರಿಗೆ ಪರಿವರ್ತನೆಯ ಕಿಟ್ ಎಂದು ಹೆಸರು. ಹೊಸ ವಾಹನ ಕೊಳ್ಳಲಾರದ ಕುಟುಂಬಕ್ಕೆ ಇದು ಆಶಾದಾಯಕವಾದ ಮಾರ್ಗ. ಆದರೆ ಅರಿಯದೆ ಆರಿಸಿದರೆ ಕಷ್ಟಪಟ್ಟು ಗಳಿಸಿದ ಹಣ ಹೋಗುವುದಲ್ಲದೆ, ಸವಾರನ ಕೈಕಾಲಿಗೂ ಅಪಾಯ ಒದಗೀತು.

ಈ ಕಲ್ಪನೆ ಹೊಸದೇನೂ ಅಲ್ಲ. 1881ರಲ್ಲಿ ಫ್ರಾನ್ಸಿನ ಗುಸ್ತಾವ್ ತ್ರೂವೆ ಎಂಬ ಶೋಧಕನು ಪ್ಯಾರಿಸ್ ನಗರದ ಬೀದಿಯಲ್ಲಿ ವಿದ್ಯುತ್ ಮೋಟಾರಿನ ಮೂರು ಗಾಲಿಯ ವಾಹನವನ್ನು ಓಡಿಸಿ ತೋರಿಸಿದನು. 1895ರಲ್ಲಿ ಅಮೆರಿಕದ ಓಗ್ಡನ್ ಬೋಲ್ಟನ್ ಎಂಬಾತನು ಸೈಕಲ್ಲಿನ ಹಿಂದಿನ ಗಾಲಿಯ ನಡುವೆಯೇ ಮೋಟಾರನ್ನು ಕೂಡಿಸುವ ವಿನ್ಯಾಸಕ್ಕೆ ಹಕ್ಕುಪತ್ರ ಪಡೆದನು. ಇಂದಿನ ಅನೇಕ ಕಿಟ್ಟುಗಳು ಅದೇ ತತ್ತ್ವವನ್ನು ಅನುಸರಿಸುತ್ತವೆ. ಆದರೂ ಆ ಕಾಲದ ಬ್ಯಾಟರಿಗಳ ಭಾರದಿಂದಾಗಿ ವಿದ್ಯುತ್ ಸೈಕಲ್ಲು ಜನರ ಕೈಗೆ ಬರಲು ಸುಮಾರು ಒಂದು ಶತಮಾನ ಕಾಯಬೇಕಾಯಿತು. 1991ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯು ಮಾರುಕಟ್ಟೆಗೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಈ ಬ್ಯಾಟರಿಯ ಬೆಳವಣಿಗೆಗೆ ಕಾರಣರಾದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರ ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದಲ್ಲಿಯೂ ಸಾಧಾರಣ ಸೈಕಲ್ಲನ್ನು ಕತ್ತರಿಸದೆ, ಬೆಸುಗೆ ಹಾಕದೆ ಜೋಡಿಸಬಹುದಾದ ಉಪಕರಣವೊಂದನ್ನು ಗುರುಸೌರಭ್ ಸಿಂಗ್ ಅವರು ರೂಪಿಸಿದರು. 2022ರಲ್ಲಿ ಅದು ದೇಶದ ಗಮನ ಸೆಳೆಯಿತು.

ಕಿಟ್ಟನ್ನು ಆರಿಸುವವನು ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿಯೇ ಲೆಕ್ಕ ಹಾಕಬೇಕು. ದಿನಕ್ಕೆ ಎಷ್ಟು ದೂರ? ಎಷ್ಟು ಭಾರ? ಎಂತಹ ದಾರಿ? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಮೋಟಾರಿನ ಮಾತು. ಸವಾರ, ಸೈಕಲ್ಲು, ಸಾಮಾನು ಎಲ್ಲ ಸೇರಿ ನೂರು ಕಿಲೋಗ್ರಾಂ ಇರುವುದೆಂದು ಭಾವಿಸಬಹುದು. ಗಾಳಿಯಿಲ್ಲದ ದಿನ ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗಲು ಗಾಲಿಯ ಬಳಿ ಸುಮಾರು 100 ವ್ಯಾಟ್ ಶಕ್ತಿ ಸಾಕು. ಎದುರಿನಿಂದ ಗಂಟೆಗೆ 10 ಕಿಲೋಮೀಟರ್ ವೇಗದ ಸಾಧಾರಣ ಗಾಳಿ ಬೀಸಿದರೂ ಸಾಕು, ಅದೇ ಕೆಲಸಕ್ಕೆ ಸುಮಾರು 180 ವ್ಯಾಟ್ ಬೇಕಾಗುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದೇ ಇದಕ್ಕೆ ಕಾರಣ. ಆದುದರಿಂದ ಗುಡ್ಡವಿಲ್ಲದ ಯಮನೂರಿನ ಸೀಮೆಯಲ್ಲಿ 250 ವ್ಯಾಟ್‌ನ ಒಳಗಿನ ಮೋಟಾರು ಧಾರಾಳವಾಗಿ ಸಾಲುತ್ತದೆ. ಸವಾರನು ತಾನೂ ಪೆಡಲ್ಲು ತುಳಿಯುತ್ತಿದ್ದರೆ ಮೋಟಾರಿನ ಹೊರೆ ಮತ್ತಷ್ಟು ಇಳಿಯುತ್ತದೆ.

ಬ್ಯಾಟರಿಯ ಲೆಕ್ಕವೂ ಇದರಿಂದಲೇ ಹೊರಡುತ್ತದೆ. ಮೋಟಾರು, ನಿಯಂತ್ರಕಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಗಾಳಿಯಿಲ್ಲದ ದಿನ ಕಿಲೋಮೀಟರಿಗೆ ಸುಮಾರು 7 ವ್ಯಾಟ್‌ಗಂಟೆ, ಎದುರುಗಾಳಿಯಲ್ಲಿ ಸುಮಾರು 12 ವ್ಯಾಟ್‌ಗಂಟೆ ಖರ್ಚಾಗುತ್ತದೆ. ದಿನದ ಓಡಾಟ 20 ಕಿಲೋಮೀಟರ್ ಎಂದಿಟ್ಟುಕೊಂಡರೆ, ಗಾಳಿಯ ದಿನಕ್ಕೆ 240 ವ್ಯಾಟ್‌ಗಂಟೆ ಬೇಕು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡುವುದು ಒಳ್ಳೆಯದಲ್ಲ. ವರ್ಷಗಳು ಕಳೆದಂತೆ ಅದರ ಧಾರಣಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಸ್ವಲ್ಪ ಮೀಸಲು ಇರಲೇಬೇಕು. ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಆಂಪಿಯರ್‌ಗಂಟೆಯಿಂದ ಗುಣಿಸಿದರೆ ವ್ಯಾಟ್‌ಗಂಟೆ ದೊರೆಯುತ್ತದೆ. 36 ವೋಲ್ಟ್, 10 ಆಂಪಿಯರ್‌ಗಂಟೆಯ ಬ್ಯಾಟರಿ 360 ವ್ಯಾಟ್‌ಗಂಟೆಯದು. ಈ ಕೆಲಸಕ್ಕೆ ಅದು ತಕ್ಕದ್ದು. 24 ವೋಲ್ಟ್, 7 ಆಂಪಿಯರ್‌ಗಂಟೆಯದು 168 ವ್ಯಾಟ್‌ಗಂಟೆ ಮಾತ್ರ. ಅದನ್ನು ನಂಬಿದ ಸವಾರ ಅರ್ಧ ದಾರಿಯಲ್ಲಿ ಭಾರವಾದ ಸೈಕಲ್ಲನ್ನು ತುಳಿಯಬೇಕಾದೀತು. 360 ವ್ಯಾಟ್‌ಗಂಟೆಯ ಬ್ಯಾಟರಿಯನ್ನು ಒಮ್ಮೆ ತುಂಬಲು ಅರ್ಧ ಯೂನಿಟ್ಟಿಗಿಂತ ಕಡಿಮೆ ವಿದ್ಯುತ್ತು ಸಾಕೆಂಬುದು ಸಮಾಧಾನದ ಸಂಗತಿ.

ಬ್ಯಾಟರಿಗಳಲ್ಲಿಯೂ ಜಾತಿಗಳಿವೆ. ಸೀಸ-ಆಮ್ಲದ ಬ್ಯಾಟರಿ ಅಗ್ಗ; ಆದರೆ ಇಷ್ಟೇ ಶಕ್ತಿಗೆ ಅದರ ತೂಕ ಹತ್ತು ಕಿಲೋಗ್ರಾಮಿಗೂ ಮೀರುತ್ತದೆ, ಬಾಳಿಕೆಯೂ ಕಡಿಮೆ. ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿ ಬಲು ಹಗುರ. ಲಿಥಿಯಂ ಕಬ್ಬಿಣ ಫಾಸ್ಫೇಟ್ ಎಂಬ ಬಗೆಯದು ಅದಕ್ಕಿಂತ ತುಸು ಭಾರವಾದರೂ ಹೆಚ್ಚು ಕಾಲ ಬಾಳುತ್ತದೆ, ಬಿಸಿಯನ್ನೂ ಉತ್ತಮವಾಗಿ ತಾಳುತ್ತದೆ. ಬೇಸಿಗೆಯ ಬಿಸಿಲು ಕಠಿಣವಾಗಿರುವ ಬಯಲುಸೀಮೆಗೆ ಇದು ಹೆಚ್ಚು ಒಗ್ಗುವಂಥದು. ಯಾವ ಲಿಥಿಯಂ ಬ್ಯಾಟರಿಯಾದರೂ ಅತಿಯಾಗಿ ತುಂಬದಂತೆ, ಅತಿಯಾಗಿ ಬರಿದಾಗದಂತೆ ಕಾಯುವ ರಕ್ಷಣಾಮಂಡಲ ಅದರೊಳಗೆ ಇರಲೇಬೇಕು. ಆ ಬ್ಯಾಟರಿಗೆಂದೇ ಮಾಡಿದ ಚಾರ್ಜರನ್ನು ಬಿಟ್ಟು ಬೇರೊಂದನ್ನು ಬಳಸಿದರೆ ಬೆಂಕಿಗೆ ಆಹ್ವಾನವಿತ್ತಂತೆ. ಚಾರ್ಜ್ ಮಾಡುವಾಗ ಬ್ಯಾಟರಿಯನ್ನು ಮೇವಿನ ಬಣವೆಯ ಬಳಿಯಾಗಲಿ, ಮಲಗುವ ಕೋಣೆಯಲ್ಲಾಗಲಿ ಇರಿಸತಕ್ಕದ್ದಲ್ಲ.

ಮೋಟಾರನ್ನು ಎಲ್ಲಿ ಕೂಡಿಸಬೇಕೆಂಬುದು ಮುಂದಿನ ವಿಚಾರ. ಮುಂದಿನ ಗಾಲಿಯಲ್ಲಿ ಕೂಡಿಸುವುದು ಸುಲಭ. ಸರಪಳಿ, ಫ್ರೀವೀಲುಗಳನ್ನು ಮುಟ್ಟಬೇಕಾಗಿಲ್ಲ. ಆದರೆ ಕೆಸರಿನಲ್ಲಿ ಮುಂದಿನ ಗಾಲಿ ಜಾರುವ ಭಯವಿದೆ. ಹಿಂದಿನ ಗಾಲಿಯ ಮೋಟಾರಿಗೆ ಸವಾರನ ಭಾರ ಬೀಳುವುದರಿಂದ ಹಿಡಿತ ಚೆನ್ನಾಗಿರುತ್ತದೆ; ಜೋಡಣೆಯ ಕೆಲಸ ಮಾತ್ರ ಹೆಚ್ಚು. ಪೆಡಲ್ಲಿನ ಬಳಿ ಕೂಡಿಸುವ ಮೋಟಾರು ಏರುದಾರಿಗೆ ಉತ್ತಮವಾದರೂ ಬೆಲೆ ಅಧಿಕ, ಸರಪಳಿಯ ಸವೆತವೂ ಅಧಿಕ. ಬಯಲಿನ ಊರಿಗೆ ಅದರ ಅಗತ್ಯ ಕಡಿಮೆ. ಗಾಲಿಯ ಮೋಟಾರು ತಿರುಗುವಾಗ ಅದರ ಅಚ್ಚು ವಿರುದ್ಧ ದಿಕ್ಕಿಗೆ ಹೊರಳಲು ಹವಣಿಸುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಉಕ್ಕಿನ ತೋಳೊಂದನ್ನು ಫೋರ್ಕಿಗೆ ಬಿಗಿಯದಿದ್ದರೆ, ಅಚ್ಚು ತನ್ನ ಸೀಳಿನಿಂದ ಹೊರಬಂದು ಓಡುತ್ತಿರುವ ಗಾಲಿಯೇ ಕಳಚಿಕೊಳ್ಳಬಹುದು. ಈ ತೋಳಿನ ಬೆಲೆ ಅತ್ಯಲ್ಪ; ಅದನ್ನು ಉಳಿಸಹೋದರೆ ತೆರಬೇಕಾದ ಬೆಲೆ ದೊಡ್ಡದು.

ಹಳ್ಳಿಯ ಹಳೆಯ ಸೈಕಲ್ಲಿಗೆ ಕಿಟ್ ಕೊಳ್ಳುವವರು ಎಡವುವುದು ಹೆಚ್ಚಾಗಿ ಅಳತೆಯಲ್ಲಿ. ದೊಡ್ಡ ಸೈಕಲ್ಲಿನ ಗಾಲಿಯನ್ನು 28 ಅಂಗುಲದ್ದೆಂದು ಕರೆಯುವುದು ವಾಡಿಕೆ. ಅದರ ರಿಮ್ಮಿನಲ್ಲಿ ಟೈರು ಕೂರುವ ಭಾಗದ ವ್ಯಾಸ 635 ಮಿಲಿಮೀಟರ್. ಕಿಟ್ಟಿನೊಡನೆ ಬರುವ 28 ಅಂಗುಲದ ಗಾಲಿಯಲ್ಲಿ ಅದು ಸಾಮಾನ್ಯವಾಗಿ 622 ಮಿಲಿಮೀಟರ್. ಹೆಸರು ಒಂದೇ, ಅಳತೆ ಬೇರೆ. ಒಂದರ ಟೈರು ಮತ್ತೊಂದಕ್ಕೆ ಕೂರದು. ಹಳೆಯ ಸೈಕಲ್ಲುಗಳ ರಿಮ್ಮಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳಿರುವುದು ರೂಢಿ. ಮೋಟಾರಿನ ಹಬ್ಬಿಗೆ ಬಹುಮಟ್ಟಿಗೆ 36 ತೂತುಗಳಿರುತ್ತವೆ. ಫೋರ್ಕಿನ ಎರಡು ಕಾಲುಗಳ ನಡುವಣ ಅಂತರವೂ ಕಿಟ್ಟಿಗೆ ಹೊಂದಬೇಕು. ಆದುದರಿಂದ ಅಳತೆಪಟ್ಟಿ ಹಿಡಿಯದೆ ಹಣ ಎಣಿಸುವುದು ಸಲ್ಲದು.

ಓಡಿಸುವ ಬಲಕ್ಕಿಂತ ನಿಲ್ಲಿಸುವ ಬಲ ಮುಖ್ಯವೆಂಬುದನ್ನು ಮರೆಯಲಾಗದು. ಹಳೆಯ ಸೈಕಲ್ಲಿನ ಕಂಬಿಯ ಬ್ರೇಕು ಉಕ್ಕಿನ ರಿಮ್ಮನ್ನು ಒಳಬದಿಯಿಂದ ಒತ್ತುತ್ತದೆ. ಮಳೆಯಲ್ಲಿ ರಿಮ್ಮು ನೆನೆದಾಗ ಅದರ ಹಿಡಿತ ಬಹಳ ಕುಗ್ಗುತ್ತದೆ. ಕಿಟ್ಟಿನೊಡನೆ ಬರುವ, ಬ್ರೇಕು ಹಿಡಿದೊಡನೆ ಮೋಟಾರನ್ನು ನಿಲ್ಲಿಸುವ ಹಿಡಿಕೆಗಳು ಸಾಮಾನ್ಯವಾಗಿ ತಂತಿಯ ಬ್ರೇಕಿಗಾಗಿ ಮಾಡಿದವು. ಕಂಬಿಯ ಬ್ರೇಕಿಗೆ ಅವು ಹೊಂದುವುದಿಲ್ಲ. ಬ್ರೇಕನ್ನು ಬದಲಾಯಿಸಲು ಬೇಕಾಗುವ ಹಣವನ್ನೂ ಕಿಟ್ಟಿನ ಬೆಲೆಯೊಡನೆ ಸೇರಿಸಿಯೇ ಲೆಕ್ಕ ಮಾಡಬೇಕು. ತುಕ್ಕು ಹಿಡಿದ ಫೋರ್ಕು, ಬಿರುಕು ಬಿಟ್ಟ ಚೌಕಟ್ಟು ಇರುವ ಸೈಕಲ್ಲಿಗೆ ಮೋಟಾರು ತೊಡಿಸಲೇಬಾರದು.

ಇನ್ನು ಕಾನೂನಿನ ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಪೆಡಲ್ಲಿಗೆ ನೆರವಾಗುವ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆಯಿದ್ದು, ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟಿದೊಡನೆ ಅದರ ನೆರವು ನಿಲ್ಲುವಂತಿದ್ದರೆ ಅಂತಹ ಸೈಕಲ್ಲು ಮೋಟಾರು ವಾಹನವೆನಿಸುವುದಿಲ್ಲ. ಈ ಮಿತಿ ಮೀರಿದ ಕಿಟ್ಟುಗಳೂ ಮಾರಾಟಕ್ಕೆ ದೊರೆಯುತ್ತವೆ. ಹೆಚ್ಚು ವೇಗದ ಆಸೆಗೆ ಅವುಗಳನ್ನು ಕೊಂಡರೆ, ಪರವಾನಗಿ ಪಡೆಯುವ ವಯಸ್ಸಾಗದ ವಿದ್ಯಾರ್ಥಿ ನೋಂದಣಿಯಿಲ್ಲದ ಮೋಟಾರು ವಾಹನವನ್ನು ಓಡಿಸಿದಂತಾಗುತ್ತದೆ. ಅಪಘಾತವಾದಾಗ ಅದರ ಹೊಣೆ ಇಡೀ ಮನೆಯ ಮೇಲೆ ಬೀಳುತ್ತದೆ.

ಕೊನೆಯದಾಗಿ ಗಮನಿಸಬೇಕಾದದ್ದು ಮಳೆ ಮತ್ತು ದುರಸ್ತಿ. ನೆನೆದ ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಕಟ್ಟಿಹಾಕುತ್ತದೆ. ಅಂತಹ ಹೊತ್ತಿನಲ್ಲಿ ಮೋಟಾರನ್ನು ಒತ್ತಾಯದಿಂದ ಓಡಿಸಿದರೆ ಅದು ಸುಟ್ಟುಹೋದೀತು. ಇಳಿದು ಮಣ್ಣು ತೆಗೆಯುವುದೇ ಜಾಣತನ. ಬೆಣ್ಣಿಹಳ್ಳ ತುಂಬಿ ಹರಿಯುವಾಗ ನೀರಿಗಿಳಿಯುವುದು ಯಾವ ವಾಹನಕ್ಕೂ ತಕ್ಕುದಲ್ಲ. ನಿಯಂತ್ರಕವನ್ನೂ ತಂತಿಯ ಕೂಡುಗಳನ್ನೂ ನೀರು ತಾಗದಂತೆ ಮುಚ್ಚಿರಬೇಕು. ಕಿಟ್ ಕೆಟ್ಟಾಗ ನವಲಗುಂದದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಬಿಡಿಭಾಗ ಸಿಕ್ಕುವುದೇ, ತಿಳಿದ ಕೈಯೊಂದು ಇದೆಯೇ ಎಂಬುದನ್ನು ಮೊದಲೇ ವಿಚಾರಿಸಬೇಕು.

ಹೀಗೆ ಕೆಲಸ, ದೂರ, ಬ್ಯಾಟರಿ, ಅಳತೆ, ಬ್ರೇಕು, ಕಾನೂನು ಎಂಬ ಕ್ರಮದಲ್ಲಿ ಯೋಚಿಸಿದರೆ ಆಯ್ಕೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಈ ಲೆಕ್ಕದ ಕೊನೆಯಲ್ಲಿ ಕಿಟ್ ಬೇಡವೆಂಬ ತೀರ್ಮಾನವೂ ಬರಬಹುದು. ದಾರಿ ಎರಡು ಮೂರು ಕಿಲೋಮೀಟರಿನದಾದರೆ ಸರಪಳಿಗೆ ಎಣ್ಣೆ, ಟೈರಿಗೆ ಗಾಳಿ, ಇಷ್ಟರಿಂದಲೇ ಹಳೆಯ ಸೈಕಲ್ಲು ಹಗುರವಾಗಿ ಓಡುತ್ತದೆ. ದಾರಿ ದೂರದ್ದಾಗಿದ್ದು ಸೈಕಲ್ಲು ಗಟ್ಟಿಯಾಗಿದ್ದರೆ, ತಕ್ಕ ಕಿಟ್ಟೊಂದು ಒಬ್ಬ ವಿದ್ಯಾರ್ಥಿಯನ್ನು ದಣಿವಿಲ್ಲದೆ ಶಾಲೆಗೂ, ಒಬ್ಬ ರೈತನನ್ನು ನೋವಿಲ್ಲದೆ ಹೊಲಕ್ಕೂ ಮುಟ್ಟಿಸಬಲ್ಲದು. ಆ ಆಯ್ಕೆಗೆ ಬೇಕಾದ ಗಣಿತವೂ ವಿಜ್ಞಾನವೂ ಶಾಲೆಯ ಪುಸ್ತಕಗಳಲ್ಲಿಯೇ ಇವೆ. ಮನೆಯವರು ಅಂಗಡಿಯಲ್ಲಿ ಹಣ ಎಣಿಸುವ ಮುನ್ನ ಆ ಲೆಕ್ಕವನ್ನು ಮಾಡಿ ತೋರಿಸುವುದು ಓದಿದ ಮಕ್ಕಳ ಕರ್ತವ್ಯ.