ಶೀಟು ಇಳಿಸಿದವರ ಹೆಸರು ಯಾವ ಪುಸ್ತಕದಲ್ಲಿದೆ?

ಕೈಗಾರಿಕಾ ಪ್ರದೇಶಗಳಲ್ಲಿ ಹಳೆಯ ಶೆಡ್‌ಗಳ ಚಾವಣಿ ಬದಲಿಸುವ ಕೆಲಸ ಹೆಚ್ಚಾಗಿ ಭಾನುವಾರವೇ ನಡೆಯುತ್ತದೆ. ಅಂದು ಮಷಿನ್‌ಗಳು ನಿಂತಿರುತ್ತವೆ, ಕಾಯಂ ನೌಕರರು ಮನೆಯಲ್ಲಿರುತ್ತಾರೆ, ಸೇಫ್ಟಿ ಆಫೀಸರ್‌ಗೂ ರಜೆ. ಪೀಣ್ಯದಲ್ಲಿ ಮೆಂಟೆನೆನ್ಸ್ ಕೆಲಸ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಇಂಥ ಭಾನುವಾರಗಳನ್ನು ಬೇಕಾದಷ್ಟು ಕಂಡಿದ್ದೇನೆ. ಗುತ್ತಿಗೆದಾರ ಕರೆತಂದ ಹುಡುಗರು ಏಣಿ ಹತ್ತುತ್ತಾರೆ. ತುಕ್ಕು ಹಿಡಿದ ಜೆ-ಬೋಲ್ಟ್ ಬಿಚ್ಚಲು ಬಾರದಿದ್ದರೆ ಸುತ್ತಿಗೆಯಲ್ಲಿ ಶೀಟನ್ನೇ ಒಡೆದು, ಚೂರುಗಳನ್ನು ಮೇಲಿನಿಂದ ಕೆಳಕ್ಕೆ ಬಿಡುತ್ತಾರೆ. ಕೆಳಗಿರುವ ಹೆಂಗಸರು ಅದನ್ನು ಪೊರಕೆಯಲ್ಲಿ ಗುಡಿಸಿ ಬಾಣಲಿಗೆ ತುಂಬುತ್ತಾರೆ. ಮೂಗಿಗೆ ಸೆರಗೋ ಟವೆಲೋ ಅಡ್ಡ.

ಆ ಶೀಟಿನಲ್ಲಿ ಬಹುಪಾಲು ಇರುವುದು ಸಿಮೆಂಟ್. ನೂರಕ್ಕೆ ಸುಮಾರು ಹತ್ತು ಪಾಲು ಮಾತ್ರ ಕಲ್ನಾರು, ಅಂದರೆ ಆಸ್ಬೆಸ್ಟಾಸ್. 20ನೇ ಶತಮಾನದ ಆರಂಭದಲ್ಲಿ ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಷೆಕ್ ಈ ಮಿಶ್ರಣಕ್ಕೆ ಪೇಟೆಂಟ್ ಪಡೆದ. ಸುಡುವುದಿಲ್ಲ, ತುಕ್ಕು ಹಿಡಿಯುವುದಿಲ್ಲ, ಅಗ್ಗ, ಇನ್ನೇನು ಬೇಕು? ಅಲುಗಾಡದೆ ಕೂತಿರುವ ಗಟ್ಟಿ ಶೀಟು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ, ಗುಡಿಸಿದಾಗ ನಾರು ಬಿಡುಗಡೆಯಾಗುತ್ತದೆ. ಕಣ್ಣಿಗೆ ಬೀಳದಷ್ಟು ಸಪೂರವಾದ ಈ ನಾರುಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿ, ಉಸಿರಿನೊಂದಿಗೆ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಹಾಗಾಗಿ ಕಣ್ಣಿಗೆ ಕಾಣುವ ದೂಳು ಕೂತ ಮೇಲೆ ‘ಈಗ ಸರಿಹೋಯಿತು’ ಅನ್ನುವಂತಿಲ್ಲ.

ಕಾಯಿಲೆಗೆ ಅವಸರವಿಲ್ಲ. ಶ್ವಾಸಕೋಶ ಗಟ್ಟಿಕಟ್ಟುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಶ್ವಾಸಕೋಶದ ಹೊರಪೊರೆಗೆ ಬರುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ — ಇವು ಬಹುಪಾಲು 20ರಿಂದ 40 ವರ್ಷಗಳ ನಂತರ ತಲೆದೋರುತ್ತವೆ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ ಇನ್ನೂ ಹಲವು ಪಟ್ಟು ಹೆಚ್ಚು. ಇಪ್ಪತ್ತೈದರ ವಯಸ್ಸಿನಲ್ಲಿ ಶೀಟು ಒಡೆದ ಹುಡುಗ ಐವತ್ತೈದಕ್ಕೆ ಕೆಮ್ಮುತ್ತಾ ತನ್ನೂರಿನ ಡಾಕ್ಟರ ಮುಂದೆ ಕೂತಾಗ, ಆ ಭಾನುವಾರ ಯಾರ ನೆನಪಿನಲ್ಲಿರುತ್ತದೆ?

ಇದು ಹೊಸ ಸಂಗತಿಯೂ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ ತೀರಿಕೊಂಡಾಗ ಆಕೆಯ ಶ್ವಾಸಕೋಶದಲ್ಲಿ ಈ ನಾರು ಸಿಕ್ಕಿತ್ತು. 1931ರಲ್ಲೇ ಬ್ರಿಟನ್ ದೂಳು ತಡೆಯುವ ನಿಯಮ ತಂದಿತು. 1960ರಲ್ಲಿ ದಕ್ಷಿಣ ಆಫ್ರಿಕಾದ ವ್ಯಾಗ್ನರ್ ಮತ್ತು ಸಂಗಡಿಗರು ಕಲ್ನಾರಿನಲ್ಲೇ ಒಂದು ಬಗೆಯಾದ ನೀಲಿ ಕಲ್ನಾರಿನ ಗಣಿ ಪ್ರದೇಶದ ಮೀಸೋಥೀಲಿಯೋಮ ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಗಣಿಯೊಳಗೆ ಎಂದೂ ದುಡಿಯದೆ, ಅದರ ಸುತ್ತಮುತ್ತ ಬಾಳಿದ್ದವರೂ ಇದ್ದರು. ದೂಳು ಹಿಡಿದ ಬಟ್ಟೆಯಲ್ಲೇ ಕೆಲಸಗಾರ ಮನೆಗೆ ಹೋದರೆ, ಅದನ್ನು ಒಗೆಯುವವರೂ ನಾರು ಉಸಿರಾಡುತ್ತಾರೆ.

ಹಾಗಾದರೆ ಶೀಟು ಇಳಿಸುವುದು ಹೇಗೆ? ಒದ್ದೆ ಮಾಡಿ, ಒಡೆಯದೆ ಇಳಿಸಿ ಎನ್ನುತ್ತದೆ ಪುಸ್ತಕ. ಮಾತು ಸರಿ, ಆದರೆ ಚಾವಣಿ ಹತ್ತಿದವನ ಕಷ್ಟ ಬೇರೆ. ಹಳೆಯ ಕಲ್ನಾರು ಶೀಟು ಮನುಷ್ಯನ ಭಾರ ತಾಳುವುದಿಲ್ಲ. ಕಾಲಿಟ್ಟಲ್ಲೇ ಮುರಿದು ಕೆಳಕ್ಕೆ ಬಿದ್ದವರಿದ್ದಾರೆ. ಅದರ ಮೇಲೆ ಪೈಪಿನಲ್ಲಿ ನೀರು ಬಿಟ್ಟರೆ ಪಾಚಿ ಹಿಡಿದ ಮೈ ಜಾರುಬಂಡೆಯಾಗುತ್ತದೆ. ಮೂವತ್ತು ವರ್ಷದ ನಂತರದ ಕ್ಯಾನ್ಸರ್‌ಗಿಂತ ಈಗ ಹತ್ತಡಿ ಮೇಲಿನಿಂದ ಬೀಳುವುದೇ ಅವನಿಗೆ ದೊಡ್ಡ ಭಯ, ಆ ಲೆಕ್ಕಾಚಾರದಲ್ಲಿ ತಪ್ಪೂ ಇಲ್ಲ. ಎರಡಕ್ಕೂ ಒಟ್ಟಿಗೆ ಉತ್ತರ ಕೊಡುವ ದಾರಿ ಎಂದರೆ ಆದಷ್ಟು ಕೆಳಗಿನಿಂದ, ಅಟ್ಟಣೆ ಕಟ್ಟಿಕೊಂಡು ಕೆಲಸ ಮಾಡುವುದು. ಮೇಲೇ ಹತ್ತಬೇಕಾದರೆ ಶೀಟು ಹೊರುವ ಅಡ್ಡತೊಲೆಗಳ ಮೇಲೆ, ಅಂದರೆ ಪರ್ಲಿನ್‌ನಿಂದ ಪರ್ಲಿನ್‌ಗೆ, ಹಲಗೆ ಹಾಸಿ, ಬೆಲ್ಟ್ ಕಟ್ಟಿ, ಕೆಳಗೆ ಬಲೆ ಬಿಗಿಯಬೇಕು. ನೀರನ್ನು ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರ್‌ನಲ್ಲಿ, ಸ್ವಲ್ಪ ಸೋಪು ಬೆರೆಸಿ, ಹಗುರವಾಗಿ ಸಿಂಪಡಿಸಿದರೆ ಸಾಕು. ಬಗ್ಗದ ಬೋಲ್ಟನ್ನು ಕತ್ತರಿಸಬೇಕು, ಶೀಟನ್ನಲ್ಲ. ಗ್ರೈಂಡರ್ ಅದರ ಹತ್ತಿರವೂ ಸುಳಿಯಬಾರದು.

ಸರ್ಜಿಕಲ್ ಮಾಸ್ಕ್ ಆಗಲಿ ಟವೆಲ್ ಆಗಲಿ ಈ ನಾರನ್ನು ತಡೆಯುವುದಿಲ್ಲ. ಪಿ3 ದರ್ಜೆಯ ಫಿಲ್ಟರ್ ಇರುವ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡ ಬಿಟ್ಟವರಿಗೆ ಅದೂ ಕೂರುವುದಿಲ್ಲ. ಬಿಸಾಡುವಂಥ ಕವರಾಲ್ ತೊಟ್ಟು, ಕೆಲಸ ಮುಗಿದ ಮೇಲೆ ಅದನ್ನು ಅಲ್ಲೇ ಚೀಲಕ್ಕೆ ಹಾಕಿ, ಸ್ನಾನ ಮಾಡಿ ಮನೆಗೆ ಹೋಗಬೇಕು. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಅಥವಾ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಬೇಕು.

ಚಾವಣಿ ಎಲ್ಲರಿಗೂ ಕಾಣುತ್ತದೆ, ಕಾಣದ್ದು ಬೇರೆ ಕಡೆ ಇದೆ. ಹಳೆಯ ಬಾಯ್ಲರಿನ ಬಾಗಿಲಿಗೆ ಸುತ್ತಿದ ಹಗ್ಗ, ಹಬೆ ಪೈಪಿನ ಹೊದಿಕೆ, ವಾಲ್ವಿನ ಪ್ಯಾಕಿಂಗ್, ಗ್ಯಾಸ್ಕೆಟ್, ಲಾರಿಯ ಬ್ರೇಕ್ ಲೈನರ್. ಪೈಪಿನ ಹೊದಿಕೆಯಂಥವು ಶೀಟಿಗಿಂತ ಸುಲಭವಾಗಿ ಪುಡಿಯಾಗುತ್ತವೆ, ಹಾಗಾಗಿ ಹೆಚ್ಚು ಅಪಾಯಕಾರಿ. ಅವನ್ನು ಕಣ್ಣಳತೆಯಲ್ಲಿ ಗುರುತಿಸಲಾಗದು, ಲ್ಯಾಬ್‌ನಲ್ಲಿ ಸೂಕ್ಷ್ಮದರ್ಶಕದಡಿ ಪರೀಕ್ಷಿಸಬೇಕು. ದಾಖಲೆ ಇಲ್ಲದ ಹಳೆಯ ವಸ್ತುವನ್ನು ಕಲ್ನಾರು ಎಂದೇ ಭಾವಿಸುವುದು ಕ್ಷೇಮ.

ಇಳಿಸಿದ ಶೀಟು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೊಂದು ಕಥೆ. ಬಿಸಾಡಿದ ಆಸ್ಬೆಸ್ಟಾಸ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ; ಎರಡು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಒಳಗಿನ ವಸ್ತುವಿನ ಹೆಸರು ಬರೆದು, ಅನುಮತಿ ಇರುವ ಭೂಭರ್ತಿಗೆ ಕಳಿಸಬೇಕು. ಬೆಂಗಳೂರಿನ ಕಾರ್ಖಾನೆಗಳಿಗೆ ದಾಬಸ್‌ಪೇಟೆಯ ಬಳಿಯೇ ಅಂಥ ಜಾಗವಿದೆ. ಆದರೂ ಒಡೆಯದೆ ಉಳಿದ ಶೀಟುಗಳು ಗುಜರಿ ಸೇರಿ, ಅಲ್ಲಿಂದ ಯಾರದೋ ದನದ ಕೊಟ್ಟಿಗೆಗೋ ಕೂಲಿಯವರ ಶೆಡ್ಡಿಗೋ ಚಾವಣಿಯಾಗುವುದನ್ನು ಕಂಡಿದ್ದೇನೆ. ಚೂರುಗಳು ರಸ್ತೆಯ ಗುಂಡಿ ಮುಚ್ಚುತ್ತವೆ.

ಬ್ರಿಟನ್ 1999ರಲ್ಲಿ ಶೀಟಿಗೆ ಬಳಸುವ ಬಿಳಿ ಕಲ್ನಾರನ್ನೂ ನಿಷೇಧಿಸಿತು. ದಶಕಗಳ ಕಾಲ ಜಗತ್ತಿಗೆಲ್ಲ ಮಾರಿದ ಕೆನಡಾ 2018ರಲ್ಲಿ ಬಾಗಿಲು ಹಾಕಿತು. ಅಲ್ಲಿನ ‘ಆಸ್ಬೆಸ್ಟಾಸ್’ ಎಂಬ ಪಟ್ಟಣ 2020ರಲ್ಲಿ ಹೆಸರನ್ನೇ ಬದಲಿಸಿಕೊಂಡಿತು. ಭಾರತದಲ್ಲಿ ಗಣಿಗಾರಿಕೆ ನಿಂತಿದೆ, ಆದರೆ ಬಿಳಿ ಕಲ್ನಾರನ್ನು ಆಮದು ಮಾಡಿಕೊಂಡು ಶೀಟು ತಯಾರಿಸುವುದು ಕಾನೂನುಬದ್ಧ.

ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಾರ್ಮಿಕನ ಆರೋಗ್ಯವನ್ನು ಮೂಲಭೂತ ಹಕ್ಕು ಎಂದಿತು. ಆಸ್ಬೆಸ್ಟಾಸ್ ಉದ್ದಿಮೆಯ ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇದರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ಕಾಯಿಲೆಯ ನಿಧಾನ ಗತಿಯನ್ನು ಅರಿತು ಬರೆದ ತೀರ್ಪು ಅದು. ಶೀಟು ತಯಾರಿಸುವ ಕಾರ್ಖಾನೆಯ ಕಾಯಂ ನೌಕರನಿಗೆ ಅದರಿಂದ ಒಂದು ಫೈಲಾದರೂ ಉಂಟು. ಬೇರೊಬ್ಬರ ಶೆಡ್ಡಿನ ಮೇಲೆ ಹತ್ತಿ ಅದೇ ಶೀಟು ಒಡೆಯುವ ದಿನಗೂಲಿಯವನ ಹೆಸರು ಗುತ್ತಿಗೆದಾರನ ಬಿಲ್ಲಿನಲ್ಲಿ ‘ಲೇಬರ್’ ಎಂಬ ಒಂದೇ ಪದದಲ್ಲಿ ಮುಗಿಯುತ್ತದೆ.

ಚಾವಣಿ ಬದಲಿಸಲು ಹೊರಟಿರುವ ಕಾರ್ಖಾನೆಯ ಮಾಲೀಕರೇ, ಶಾಲೆ-ಛತ್ರಗಳ ಆಡಳಿತದವರೇ: ಟೆಂಡರಿನಲ್ಲಿ ಚದರಡಿಯ ದರದ ಜೊತೆಗೆ ಮಾಸ್ಕ್, ಹಲಗೆ, ಬಲೆ, ಸಾಗಣೆಯ ಖರ್ಚನ್ನೂ ಬರೆಯಿರಿ. ಮೇಲೆ ಹತ್ತಿದವರ, ಕೆಳಗೆ ಗುಡಿಸಿದವರ ಹೆಸರು, ಊರು, ದಿನಾಂಕ, ಮುಟ್ಟಿದ ವಸ್ತು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಒಂದು ಪ್ರತಿಯನ್ನು ಅವರ ಕೈಗೇ ಕೊಡಿ. ಮುಂದೆಂದಾದರೂ ಅವರು ಆಸ್ಪತ್ರೆಗೆ ಹೋದಾಗ ಡಾಕ್ಟರಿಗೆ ತೋರಿಸಲು ಅವರಲ್ಲಿ ಅದೊಂದೇ ಕಾಗದ ಇರುತ್ತದೆ.