ಬಾಗಿಲು ಮುಚ್ಚದ ಭಂಡಾರ

ಬ್ಯಾಂಕಿನ ಲೆಕ್ಕಪತ್ರ, ರೈಲಿನ ಮುಂಗಡ ಆಸನಗಳ ವಿವರ, ಆಸ್ಪತ್ರೆಯ ರೋಗಿಗಳ ದಾಖಲೆ ಮೊದಲಾದವುಗಳನ್ನು ಇಂದು ಗಣಕಯಂತ್ರಗಳಲ್ಲಿ ಸಂಗ್ರಹಿಸಿಡಲಾಗುತ್ತದೆ. ಹೀಗೆ ಕ್ರಮಬದ್ಧವಾಗಿ ಜೋಡಿಸಿದ ಮಾಹಿತಿಯ ಭಂಡಾರಕ್ಕೆ ದತ್ತಸಂಚಯವೆಂದು ಹೆಸರು.

ಇಂತಹ ಭಂಡಾರವು ಬಳಕೆಯಿಂದಲೇ ಅಸ್ತವ್ಯಸ್ತವಾಗುತ್ತದೆಯೆಂದರೆ ಸೋಜಿಗವೆನಿಸಬಹುದು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಪ್ರಸಿದ್ಧ ವ್ಯವಸ್ಥೆಯನ್ನೇ ನೋಡೋಣ. 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾದ ಸಂಶೋಧನೆಯೇ ಇದರ ಮೂಲ. ಇದರಲ್ಲಿ ಒಂದು ದಾಖಲೆಯನ್ನು ತಿದ್ದಿದಾಗ ಹಳೆಯ ಪ್ರತಿಯು ಕೂಡಲೇ ಅಳಿಯುವುದಿಲ್ಲ. ಅದನ್ನು ಆಗಲೇ ಓದುತ್ತಿರುವವರಿಗೆ ತೊಡಕಾಗದಿರಲೆಂದು ಹೊಸ ಪ್ರತಿಯನ್ನು ಬೇರೆಯಾಗಿ ಬರೆಯಲಾಗುತ್ತದೆ. ಕಾಲಕ್ರಮದಲ್ಲಿ ಯಾರಿಗೂ ಬೇಡವಾದ ಪ್ರತಿಗಳು ಹೆಚ್ಚುತ್ತವೆ, ಕಡತವು ಉಬ್ಬುತ್ತದೆ, ಹುಡುಕಾಟ ನಿಧಾನವಾಗುತ್ತದೆ.

'ವ್ಯಾಕ್ಯೂಮ್' ಎಂಬ ಕ್ರಿಯೆಯು ಆಗಾಗ್ಗೆ ನಡೆದು, ಬೇಡವಾದ ಪ್ರತಿಗಳ ಜಾಗವನ್ನು ಹೊಸ ದಾಖಲೆಗಳಿಗೆ ತೆರವು ಮಾಡುತ್ತದೆ. ಆದರೆ ಉಬ್ಬಿದ ಕಡತವು ಅದರಿಂದ ಸಾಮಾನ್ಯವಾಗಿ ಕುಗ್ಗುವುದಿಲ್ಲ. 'ವ್ಯಾಕ್ಯೂಮ್ ಫುಲ್' ಎಂಬ ಮತ್ತೊಂದು ಕ್ರಿಯೆಯು ಇಡೀ ಕೋಷ್ಟಕವನ್ನು ಹೊಸದಾಗಿ ಬರೆದು ಕುಗ್ಗಿಸುತ್ತದೆ. ಆದರೆ ಅದು ಮುಗಿಯುವವರೆಗೆ ಆ ಕೋಷ್ಟಕವನ್ನು ಯಾರೂ ತಿದ್ದಲಾಗದು, ಓದಲೂ ಆಗದು. ನಡುರಾತ್ರಿ ಆಸ್ಪತ್ರೆಗೆ ಬಂದ ರೋಗಿಗೆ ಯಾವ ಔಷಧ ಒಗ್ಗದೆಂದು ವೈದ್ಯರು ಕೇಳಿದಾಗ, ದುರಸ್ತಿ ಮುಗಿಯಲಿ ಎನ್ನಲಾದೀತೇ?

ಈ ತೊಡಕಿಗೆ ತಂತ್ರಜ್ಞರು ಪರಿಹಾರವನ್ನು ಕಂಡುಕೊಂಡಿದ್ದಾರೆ. 'ಪಿಜಿ ರಿಪ್ಯಾಕ್' ಎಂಬ ಸಾಧನವು ಮೊದಲು ಒಂದು ದಿನಚರಿಯನ್ನು ತೆರೆಯುತ್ತದೆ. ಅಂದಿನಿಂದ ಕೋಷ್ಟಕದಲ್ಲಾಗುವ ಪ್ರತಿಯೊಂದು ಬದಲಾವಣೆಯೂ ಅದರಲ್ಲಿ ದಾಖಲಾಗುತ್ತದೆ. ಅನಂತರ ಬೇಕಾದ ದಾಖಲೆಗಳನ್ನು ಮಾತ್ರ ಒಂದು ಹೊಸ ಕೋಷ್ಟಕಕ್ಕೆ ಒತ್ತಾಗಿ ನಕಲು ಮಾಡಿ, ಅದಕ್ಕೆ ಸೂಚಿಗಳನ್ನು ಕಟ್ಟಲಾಗುತ್ತದೆ. ಆ ವೇಳೆಯಲ್ಲಿ ಹಳೆಯ ಕೋಷ್ಟಕವು ಎಂದಿನಂತೆ ಕೆಲಸ ಮಾಡುತ್ತಲೇ ಇರುತ್ತದೆ. ದಿನಚರಿಯಲ್ಲಿನ ಬದಲಾವಣೆಗಳನ್ನು ಹೊಸದಕ್ಕೆ ಅಳವಡಿಸಿದ ಮೇಲೆ ಎರಡನ್ನೂ ಅದಲುಬದಲು ಮಾಡಿ, ಹಳೆಯದನ್ನು ತೆಗೆದುಹಾಕಲಾಗುತ್ತದೆ. ಆರಂಭದಲ್ಲಿ ಮತ್ತು ಕೊನೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಬಳಕೆದಾರರು ಕಾಯಬೇಕಾಗುತ್ತದೆ.

ಈ ಅನುಕೂಲವು ಬಿಟ್ಟಿಯಾಗಿ ದೊರೆಯದು. ಎರಡು ಕೋಷ್ಟಕಗಳೂ ಒಟ್ಟಿಗೆ ಇರುವಷ್ಟು ಕಾಲ ಹೆಚ್ಚಿನ ಸ್ಥಳ ಬೇಕು. ಯಂತ್ರದ ಮೇಲಿನ ಭಾರವೂ ಹೆಚ್ಚುತ್ತದೆ. ಆದುದರಿಂದ ಜನರ ಬಳಕೆ ಕಡಿಮೆಯಿರುವ ವೇಳೆಯನ್ನು ಆರಿಸಿಕೊಳ್ಳುವುದು ಲೇಸು. ಜನರ ಕೆಲಸವನ್ನು ನಿಲ್ಲಿಸದೆ ಅವರ ಭಂಡಾರವನ್ನು ಒಪ್ಪವಾಗಿಡುವ ಈ ಪರಿಶ್ರಮವು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಆದರೂ ನಮ್ಮ ನಿತ್ಯಜೀವನದ ಎಷ್ಟೋ ವ್ಯವಹಾರಗಳು ಇಂತಹ ಪರಿಶ್ರಮವನ್ನೇ ಆಧರಿಸಿವೆ.